ಮಿಸ್ ಒಜೆಲ್ಲಾರ ಅಡಿಗೆಮನೆಯಲ್ಲಿ ನಿಂತ ಕಾರು

ಸಭೆ ಶುರುವಾಗುವುದಕ್ಕೆ ಇನ್ನೇನು ಸ್ವಲ್ಪ ಹೊತ್ತಿದೆ ಅನ್ನುವಾಗ ನನ್ನ ಬಲಗಾಲು ಮಿಸ್ ಒಜೆಲ್ಲಾ ಟಿಬ್ಸ್ ಅವರ ಕುರ್ಚಿಯೊಳಗೆ ಹೋಯಿತು. ಕುರ್ಚಿಯ ಮೇಲೆ ಅಲ್ಲ, ಒಳಗೆ. ವೇದಿಕೆಗೆ ಕಟ್ಟಿದ್ದ ಬ್ಯಾನರಿನ ಒಂದು ಮೂಲೆ ಜೋತುಬಿದ್ದಿತ್ತು. ಏಣಿ ತರುತ್ತೇನೆಂದು ಹೋದವನು ಏಣಿಯ ಊರಿಗೇ ಹೋಗಿ ನೆಲೆಸಿದ್ದ. ಬಾಡಿಗೆಗೆ ತಂದ ಪ್ಲಾಸ್ಟಿಕ್ ಕುರ್ಚಿಗಳು ನನ್ನ ಗಾತ್ರ ನೋಡಿಯೇ ಕಾಲು ಅಗಲಿಸುತ್ತಿದ್ದವು. ಕಾರು ನಿಲ್ಲಿಸುವ ಜಾಗವೊಂದರ ನಡುವೆ ಒಂಟಿಯಾಗಿ ನಿಂತಿದ್ದ, ಉಕ್ಕಿನ ಕಾಲಿನ, ಹಳದಿ ರೆಕ್ಸಿನ್ನಿನ ಅಡಿಗೆಮನೆ ಕುರ್ಚಿ ಮಾತ್ರ ಗಟ್ಟಿಮುಟ್ಟಾಗಿ ಕಂಡಿತು. ಎರಡು ನಿಮಿಷದ ಕೆಲಸ, ಯಾರು ನೋಡುತ್ತಾರೆ ಅಂದುಕೊಂಡು ಎತ್ತಿ ತಂದೆ, ಹತ್ತಿದೆ. ರೆಕ್ಸಿನ್ ಹರಿಯಿತು, ಅದರಡಿಯ ಹಲಗೆ ಮುರಿಯಿತು, ಕುರ್ಚಿ ನನ್ನ ತೊಡೆಯವರೆಗೆ ಏರಿ ಅಲ್ಲೇ ಬಿಗಿದುಕೊಂಡಿತು. ಆಧಾರಕ್ಕೆಂದು ಹಿಡಿದ ಬ್ಯಾನರು ಇಡಿಯಾಗಿ ಕಳಚಿ ತಲೆಯ ಮೇಲೆ ಬಿತ್ತು. "ನಮ್ಮ ಬೆಟ್ಟ, ನಮ್ಮ ಕತೆ: ಎಲ್ಲ ಬಣ್ಣದವರಿಗೂ ಸಮಪಾಲು" ಎಂಬ ಅಕ್ಷರಗಳ ಕೆಳಗೆ, ಕುರ್ಚಿ ತೊಟ್ಟುಕೊಂಡು, ನಾನು ನಿಂತಿದ್ದೆ.

ನನ್ನ ಹೆಂಡತಿ ಡೆನೀಟಾ ಬ್ಯಾನರು ಎತ್ತಿ ನೋಡಿದಳು. ನನ್ನ ಮುಖ ನೋಡಲಿಲ್ಲ, ಕುರ್ಚಿ ನೋಡಿದಳು.

"ಅರ್ವಿನ್, ಇದು ಯಾರ ಕುರ್ಚಿ?"

"ಮೊದಲು ಕಾಲು ಬಿಡಿಸು ಮಾರಾಯ್ತಿ."

"ಯಾರ ಕುರ್ಚಿ ಅಂತ ಕೇಳ್ದೆ."

"ಗೊತ್ತಿದ್ದೂ ಯಾಕೆ ಕೇಳ್ತೀಯ?"

ಪಿಟ್ಸ್‌ಬರ್ಗಿನವನಾಗಿ ಹುಟ್ಟಿ, ಐವತ್ತು ದಾಟಿದ ಮೇಲೆ, ಇನ್ನೊಬ್ಬರ ಕುರ್ಚಿ ಎತ್ತಿದೆ ಅಂದರೆ ನನಗೆ ಕ್ಷಮೆಯಿಲ್ಲ. ಇಲ್ಲಿ ಕಾರು ತೆಗೆದುಕೊಂಡು ಹೊರಗೆ ಹೋಗುವವರು ತಮ್ಮ ಜಾಗದಲ್ಲಿ ಒಂದು ಕುರ್ಚಿ ಇಟ್ಟು ಹೋಗುತ್ತಾರೆ. ವಾಪಸು ಬರುವವರೆಗೂ ಆ ಜಾಗ ಅವರದೇ. ಯಾವ ಕಾನೂನಿನಲ್ಲೂ ಇದು ಬರೆದಿಲ್ಲ. ಆದರೂ ಪೊಲೀಸಿನವನು ಕೂಡ ಕುರ್ಚಿ ಕಂಡರೆ ಮುಂದೆ ಹೋಗಿ ಬೇರೆ ಜಾಗ ಹುಡುಕುತ್ತಾನೆ. ಗಂಡನನ್ನು ಬಿಟ್ಟುಹೋದವಳ ಜೊತೆ ನಮ್ಮ ಬೀದಿ ಮಾತಾಡುತ್ತದೆ, ಕುರ್ಚಿ ಎತ್ತಿದವನ ಜೊತೆ ಮಾತಾಡುವುದಿಲ್ಲ.

ಅದರಲ್ಲೂ ಇದು ಮಿಸ್ ಒಜೆಲ್ಲಾ ಅವರ ಕುರ್ಚಿ.

ಈಗ ನಾವು ಡೇರೆ ಹಾಕಿದ್ದ ಆ ಡಾಂಬರಿನ ಬಯಲು ಒಂದು ಕಾಲಕ್ಕೆ ಕೋಲ್ಟನ್ ಬೆಟ್ಟದ ಕೆಳಬೀದಿ. ಸಾಲು ಮನೆಗಳು, ಎಲ್ಲ ನಮ್ಮವರು, ಕಪ್ಪು ಜನ. ನಗರಕ್ಕೆ ಅಗಲವಾದ ರಸ್ತೆ ಬೇಕಾಯಿತು. ಆ ರಸ್ತೆ ಬಹಳ ಬುದ್ಧಿವಂತ ರಸ್ತೆ. ಬಿಳಿಯರ ಬೀದಿ ಎದುರಾದಾಗಲೆಲ್ಲ ಸೊಂಟ ಬಳುಕಿಸಿ ಪಕ್ಕಕ್ಕೆ ಹೋಯಿತು, ನಮ್ಮ ಬೀದಿ ಸಿಕ್ಕಿದ್ದೇ ನೆಟ್ಟಗೆ ನಡೆಯಿತು. ರಸ್ತೆಗೆ ಬೇಕಾದ್ದಕ್ಕಿಂತ ಹೆಚ್ಚೇ ಕೆಡವಿದರು, ಉಳಿದ ಜಾಗಕ್ಕೆ ಡಾಂಬರು ಬಳಿದು ಕಾರು ನಿಲ್ಲಿಸಲು ಬಿಟ್ಟರು. ಮಿಸ್ ಒಜೆಲ್ಲಾ ಆಗ ಎರಡು ಜಡೆಯ ಹುಡುಗಿ. ಆಮೇಲೆ ಅವರು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗಕ್ಕೆ ಸೇರಿ, ಇಡೀ ಊರಿನ ರೋಗಿಗಳ ಹೊದಿಕೆ ಮಡಚಿ ಮಡಚಿ ನಿವೃತ್ತರಾದರು. ಮನೆ ಬದಲಿಸುತ್ತಲೇ ಇದ್ದರು, ಪ್ರತಿ ಮನೆಯೂ ಹಿಂದಿನದಕ್ಕಿಂತ ದೂರ. ಆದರೆ ಒಂದು ಹಳೆಯ ಬ್ಯೂಕ್ ಕಾರು ಕೊಂಡ ದಿನದಿಂದ ಪ್ರತಿ ಬೆಳಿಗ್ಗೆ ಬೆಟ್ಟ ಹತ್ತಿ ಬಂದು ಅದನ್ನು ಈ ಬಯಲಿನ ಒಂದೇ ಜಾಗದಲ್ಲಿ ನಿಲ್ಲಿಸುತ್ತಿದ್ದರು. ಅಲ್ಲಿಂದ ಎದುರಿನ ಚರ್ಚಿಗೆ ಹೋಗಿ ಶುಕ್ರವಾರವಾದರೆ ಮೀನು ಕರಿಯುವುದು, ಬೇರೆ ದಿನವಾದರೆ ಮೀನು ಕರಿಯುವವರಲ್ಲಿ ತಪ್ಪು ಹುಡುಕುವುದು. ನಡುವೆ ಅಂಗಡಿಗೆ ಹೋಗಬೇಕಾದರೆ ಜಾಗದಲ್ಲಿ ಕುರ್ಚಿ. ಶುಲ್ಕ ಕೇಳಲು ಬಂದ ಕಾವಲುಗಾರರೆಲ್ಲ ಒಂದೊಂದು ಸಲ ಬಂದವರೇ, ಎರಡನೆಯ ಸಲ ಬಂದವರಿಲ್ಲ.

ಆ ಜಾಗ ಅವರ ತಾಯಿಯ ಅಡಿಗೆಮನೆ. ಇದು ಬೆಟ್ಟದ ಎಲ್ಲರಿಗೂ ಗೊತ್ತು. ಗೊತ್ತಿಲ್ಲದೆ ಇದ್ದದ್ದು ನಗರಾಭಿವೃದ್ಧಿ ಮಂಡಳಿಗೆ.

ಮಂಡಳಿ ಈಗ ಆ ಬಯಲಿನಲ್ಲಿ ಮತ್ತೆ ಮನೆ ಕಟ್ಟಲು ಹೊರಟಿತ್ತು. ಹಿಂದೆ ಆದ ಅನ್ಯಾಯ ಸರಿಪಡಿಸುತ್ತೇವೆ, ಒಕ್ಕಲೆದ್ದವರ ಮನೆತನಕ್ಕೆ ಮೊದಲ ಹಕ್ಕು ಎಂದು ಸಾರಿತ್ತು. ಕೇಳಲು ಚೆನ್ನಾಗಿತ್ತು. ಆದರೆ ಹಕ್ಕು ಯಾರಿಗೆ? ಮನೆ ಸ್ವಂತದ್ದಾಗಿದ್ದವರಿಗೆ. ಆ ಕಾಲದಲ್ಲಿ ಕಪ್ಪು ಜನಕ್ಕೆ ಯಾವ ಬ್ಯಾಂಕು ಸಾಲ ಕೊಟ್ಟಿತ್ತು, ಸ್ವಂತ ಮನೆ ಎಲ್ಲಿಂದ ಬರಬೇಕು? ಟಿಬ್ಸ್ ಮನೆಯ ಮಾಲೀಕ ಬೇರೆ ಬಡಾವಣೆಯ ಬಿಳಿಯ. ಈಗ ಅವನ ಮೊಮ್ಮಗ ಫ್ಲೋರಿಡಾದಲ್ಲಿ ಗಾಲ್ಫ್ ಆಡುತ್ತಿದ್ದಾನೆ, ಕೆಳಬೀದಿಗೆ "ಮರಳಿ ಬರುವ" ಹಕ್ಕು ಅವನಿಗೆ! ಚರ್ಚಿನವರು ಗಲಾಟೆ ಮಾಡಿದ ಮೇಲೆ ಮಂಡಳಿ ಒಂದು ಕಿಟಕಿ ತೆರೆಯಿತು. ಬಾಡಿಗೆಗಿದ್ದ ಮನೆಯವರು ಈ ಕತೆ ಹೇಳುವ ಸಭೆಯಲ್ಲಿ, ಮಂಡಳಿಯ ಅಧ್ಯಕ್ಷರ ಮುಂದೆ, ತಮ್ಮ ಬಾಯಿಂದ ತಮ್ಮ ಮನೆಯ ವಿಷಯ ಹೇಳಬೇಕು. ಇಬ್ಬರು ನೆರೆಯವರು ಹೌದೆನ್ನಬೇಕು. ಅದನ್ನು ರೆಕಾರ್ಡ್ ಮಾಡಿಕೊಂಡು ಸಾಕ್ಷಿಯಾಗಿ ಒಪ್ಪುತ್ತಾರೆ. ಆ ಶನಿವಾರವೇ ಕಡೆಯ ದಿನ.

ಮಿಸ್ ಒಜೆಲ್ಲಾರನ್ನು ಒಪ್ಪಿಸುವುದಕ್ಕೆ ನನ್ನನ್ನು ಬಿಟ್ಟಿದ್ದರು. ಬಡಾವಣೆಯ ಪತ್ರಿಕೆಯಲ್ಲಿ ನಾಲ್ಕು ಜನ ನಗುವಂತೆ ಬರೆದರೆ ಇದೇ ಶಿಕ್ಷೆ, ಎಲ್ಲ ಸಭೆಗೂ ನಿರೂಪಕ ನೀವೇ ಅನ್ನುತ್ತಾರೆ. ಇಡೀ ಬೇಸಿಗೆ ಅವರ ಹಿಂದೆ ಅಲೆದೆ.

"ಮಾತು ಅನ್ನೋದು ಮಡಚಿಟ್ಟ ಬಟ್ಟೆ ಕಣಯ್ಯಾ," ಅನ್ನುತ್ತಿದ್ದರು. "ಬಿಚ್ಚೋಕೆ ಎಲ್ರೂ ಬರ್ತಾರೆ. ಆಮೇಲೆ ಮಡಚೋರು ಯಾರು?"

ಕೊನೆಗೂ ಒಪ್ಪಿದರು, ಒಂದು ಷರತ್ತಿನ ಮೇಲೆ. "ಸ್ಟೇಜ್ ಗೀಜ್ ಹತ್ತಲ್ಲ. ನನ್ನ ಜಾಗದಲ್ಲಿ, ನನ್ನ ಕುರ್ಚಿ ಮೇಲೆ ಕೂತ್ಕೊಂಡು ಹೇಳ್ತೀನಿ. ಮೈಕು ಬೇಕಾದ್ರೆ ಅದೇ ನಡ್ಕೊಂಡು ಬರ್ಲಿ."

ಆ ಕುರ್ಚಿ ಈಗ ನನ್ನ ತೊಡೆಯಲ್ಲಿತ್ತು.

ಡೆನೀಟಾ ಎಳೆದಳು, ನಾನು ಕಿರುಚಿದೆ, ಕುರ್ಚಿ ಬಂತು. ಇನ್ನು ಅದನ್ನು ಜಾಗಕ್ಕೆ ಇಟ್ಟು, ಮೇಲೊಂದು ದಿಂಬು ಹಾಕಿ ಮುಚ್ಚಿಬಿಡೋಣ ಎಂದು ತಿರುಗಿದರೆ ಜಾಗವೇ ಇರಲಿಲ್ಲ. ಅಲ್ಲಿ ಬೂದು ಬಣ್ಣದ ಹೊಸ ಕಾರೊಂದು ನಿಂತಿತ್ತು. ಅದರಿಂದ ಇಳಿಯುತ್ತಿದ್ದವರು ಮಂಡಳಿಯ ಅಧ್ಯಕ್ಷ ಹಾಲ್‌ಸ್ಟೆಡ್ ಸಾಹೇಬರು.

"ಅದೃಷ್ಟ ನೋಡಿ!" ಅಂದರು ನಗುತ್ತ. "ಇಷ್ಟು ಜನ ಸೇರಿದ್ದಾರೆ, ವೇದಿಕೆ ಪಕ್ಕದಲ್ಲೇ ಖಾಲಿ ಜಾಗ!"

ಅವರ ಬೆನ್ನ ಹಿಂದೆ, ಬಯಲಿನ ಬಾಯಲ್ಲಿ, ಬ್ಯೂಕ್ ಒಳಗೆ ಬರುತ್ತಿತ್ತು.

ಮಿಸ್ ಒಜೆಲ್ಲಾ ಕಾರು ನಿಧಾನ ಮಾಡಿದರು. ಬೂದು ಕಾರು ನೋಡಿದರು. ನನ್ನ ಕೈಯಲ್ಲಿದ್ದ ತಳವಿಲ್ಲದ ಕುರ್ಚಿ ನೋಡಿದರು. ಆಮೇಲೆ ನನ್ನನ್ನು ನೋಡಿದರು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಬ್ಯೂಕನ್ನು ಬೂದು ಕಾರಿನ ಹಿಂಬದಿಗೆ ಮುತ್ತಿಡುವಷ್ಟು ಹತ್ತಿರ ತಂದು ನಿಲ್ಲಿಸಿ, ಎಂಜಿನ್ ಆರಿಸಿ, ಕಿಟಕಿ ಏರಿಸಿ, ಸುಮ್ಮನೆ ಕುಳಿತುಬಿಟ್ಟರು.

ಸಭೆ ಶುರುವಾಯಿತು. ನಾನು ಹೇಳಿದ ಮೊದಲ ಜೋಕಿಗೆ ಯಾರೂ ನಗಲಿಲ್ಲ. ಎರಡನೆಯದನ್ನು ನಾನೇ ಹೇಳಲಿಲ್ಲ. ಒಬ್ಬೊಬ್ಬರಾಗಿ ಬಂದು ತಮ್ಮ ಮನೆಯ ಕತೆ ಹೇಳಿದರು, ಜನ "ಹೌದು ಹೌದು", "ಹೇಳಮ್ಮಾ" ಎಂದು ಚರ್ಚಿನಲ್ಲಿ ಕೂಗುವ ಹಾಗೆ ದನಿಗೂಡಿಸಿದರು. ಆದರೆ ಪ್ರತಿಯೊಬ್ಬರ ಕಣ್ಣೂ ಆಗಾಗ ಬ್ಯೂಕಿನ ಕಡೆ ಹೋಗಿ ಬರುತ್ತಿತ್ತು. ಬರುವ ದಾರಿಯಲ್ಲಿ ನನ್ನ ಮೇಲೆ ಸ್ವಲ್ಪ ಹೊತ್ತು ನಿಲ್ಲುತ್ತಿತ್ತು.

ಮೀನಿನ ಸ್ಯಾಂಡ್‌ವಿಚ್ ಹಂಚುತ್ತಿದ್ದ ಮಿಸ್ ಕ್ಲೊರೆಟ್ಟಾ ನನಗೆ ಮಾತ್ರ ಬರೀ ಬ್ರೆಡ್ಡು ಕೊಟ್ಟರು.

"ಮೀನು ಎಲ್ಲಿ, ಮಿಸ್ ಕ್ಲೊರೆಟ್ಟಾ?"

"ಮೀನು ಕುರ್ಚಿ ಎತ್ತದೆ ಇರೋರಿಗೆ ಕಂದಾ."

ಬ್ರೆಡ್ಡು ಹಿಡಿದುಕೊಂಡೇ ಹೋಗಿ ಬ್ಯೂಕಿನ ಕಿಟಕಿ ತಟ್ಟಿದೆ. ಗಾಜು ಎರಡು ಬೆರಳಿನಷ್ಟು ಇಳಿಯಿತು.

"ಮಿಸ್ ಒಜೆಲ್ಲಾ, ತಪ್ಪಾಯ್ತು. ಹೊಸ ಕುರ್ಚಿ ತಂದುಕೊಡ್ತೀನಿ. ದಯವಿಟ್ಟು ಬಂದು ಎರಡು ಮಾತು ಹೇಳಿ. ಇವತ್ತು ಬಿಟ್ರೆ ಆಗೋದಿಲ್ಲ."

"ಎಲ್ಲಿ ಕೂತು ಹೇಳ್ಲಿ?"

"ವೇದಿಕೆ ಮೇಲೆ..."

"ನಮ್ಮಮ್ಮನ ಮನೆ ಕತೆನ ಯಾರದೋ ಹಲಗೆ ಮೇಲೆ ನಿಂತು ಹೇಳ್ಬೇಕಾ? ಜಾಗ ಖಾಲಿ ಮಾಡ್ಸು, ಬರ್ತೀನಿ."

"ಅವ್ರು ಅಧ್ಯಕ್ಷರು, ಮಿಸ್ ಒಜೆಲ್ಲಾ. ನಿಮಗೆ ಮನೆ ಕೊಡೋರೇ ಅವ್ರು. ಅವರ ಕಾರನ್ನ ಹೇಗೆ ತೆಗೆಸ್ಲಿ?"

"ಕುರ್ಚಿ ಹೇಗೆ ತೆಗೆದ್ಯೋ ಹಾಗೆ," ಅಂದರು. ಗಾಜು ಏರಿತು.

ಹಾಲ್‌ಸ್ಟೆಡ್ ಸಾಹೇಬರು ಕೆಟ್ಟವರಲ್ಲ. ಮುಂದಿನ ಸಾಲಿನಲ್ಲಿ ಕುಳಿತು ಎಲ್ಲರ ಕತೆಗೂ ತಲೆದೂಗುತ್ತಿದ್ದರು, ಒಂದೆರಡು ಸಲ ಕಣ್ಣೂ ಒರೆಸಿಕೊಂಡರು. ಐದು ಗಂಟೆಗೆ ಅವರು ಬೇರೆಲ್ಲಿಗೋ ಹೋಗಬೇಕಿತ್ತು. ಅವರು ಎದ್ದರೆ ಸಾಕ್ಷಿಯೂ ಎದ್ದ ಹಾಗೆ. ಇದು ನನಗೂ ಗೊತ್ತಿತ್ತು, ಬ್ಯೂಕಿನೊಳಗೆ ಕುಳಿತವರಿಗೂ ಗೊತ್ತಿತ್ತು. ಹೇಳುವವರ ಸಾಲು ಮುಗಿಯುತ್ತ ಬಂತು. ನಾನು ಪ್ರತಿಯೊಬ್ಬರ ಕಿವಿಯಲ್ಲೂ ಇನ್ನೂ ಸ್ವಲ್ಪ ಉದ್ದ ಮಾಡಿ ಎಂದು ಬೇಡಿಕೊಂಡೆ. ನಮ್ಮ ಜನಕ್ಕೆ ಆ ಮಾತನ್ನು ಎರಡು ಸಲ ಹೇಳಬೇಕಿಲ್ಲ, ಆದರೂ ಕತೆಗೊಂದು ಕೊನೆ ಇದ್ದೇ ಇರುತ್ತದಲ್ಲ. ಕಡೆಯವರೂ ಇಳಿದರು. ಸಾಹೇಬರು ಎದ್ದು, ಎಲ್ಲರಿಗೂ ವಂದನೆ ಹೇಳಿ, ಕಾರಿನ ಕಡೆ ನಡೆದರು. ನಡೆದವರು ನಿಂತರು. ಮರಳಿ ಬಂದು ನನ್ನ ಪಕ್ಕ ನಿಂತು ಕೇಳಿದರು:

"ನನ್ನ ಹಿಂದೆ ಯಾರೋ ಕಾರು ನಿಲ್ಲಿಸಿದ್ದಾರೆ. ಸರಿಸೋಕೆ ಹೇಳ್ತೀರಾ?"

ನನ್ನ ಕೈಯಲ್ಲಿ ಮೈಕು ಇತ್ತು, ಅದು ಚಾಲೂ ಇತ್ತು. ಇಡೀ ಬಯಲಿಗೆ ಕೇಳಿಸಿತು. ಮಂಡಳಿಯ ರೆಕಾರ್ಡರು ಮೇಜಿನ ಮೇಲೆ ಕೆಂಪು ದೀಪ ಉರಿಸಿಕೊಂಡು ಕೂತಿತ್ತು.

"ಸಾರ್," ಅಂದೆ, "ಸರಿಸಬೇಕಾದ್ದು ನೀವು."

"ಅವರು ನನ್ನ ಹಿಂದಿದ್ದಾರಲ್ರೀ, ನಾನು ಹೇಗೆ ಸರಿಸ್ಲಿ?"

"ನೀವು ಅವರ ಜಾಗದಲ್ಲಿದ್ದೀರಿ. ಅಲ್ಲಿ ಅವರ ಕುರ್ಚಿ ಇತ್ತು. ನಾನು... ಅದು ಈಗ ಇಲ್ಲ."

"ಕುರ್ಚಿ?" ಸಾಹೇಬರ ಕಿವಿ ಕೆಂಪಾಯಿತು. "ನೋಡಿ, ಇದು ಸಾರ್ವಜನಿಕ ಜಾಗ. ಕುರ್ಚಿ ಇಟ್ಟ ಮಾತ್ರಕ್ಕೆ ಯಾರ ಸ್ವತ್ತೂ ಆಗೋಲ್ಲ. ಮೊದಲು ಬಂದವರಿಗೆ ಜಾಗ, ಅಷ್ಟೇ."

ಇದು ಮುಗಿಯಿತು ಅಂದುಕೊಂಡೆ. ಮಿಸ್ ಒಜೆಲ್ಲಾರ ಮನೆ ಹೋಯಿತು, ಅದನ್ನು ಕಳೆದವನು ನಾನು, ನನ್ನ ದೇಹದ ತೂಕ. ಆಗ ಹಿಂದಿನ ಸಾಲಿನಲ್ಲಿ ಡೀಕನ್ ಪ್ರೂಯಿಟ್ ಎದ್ದರು. ನಮ್ಮ ಚರ್ಚಿನ ಹಿರಿಯರು, ಕೋಲೂರಿ ಎದ್ದು ನಿಲ್ಲುವುದಕ್ಕೇ ಒಂದು ಪ್ರಾರ್ಥನೆಯಷ್ಟು ಹೊತ್ತು ಬೇಕು.

"ಮೊದಲು ಬಂದವರು ಯಾರು ಅಂತ ಕೇಳಿದ್ರಾ ಸ್ವಾಮಿ?"

"ನಾನು ಹಾಗೆ ಕೇಳಲಿಲ್ಲ..."

"ಕೇಳಿದ್ರಿ, ಹೇಳ್ತೀನಿ. ನೀವು ಕಾರು ನಿಲ್ಲಿಸಿರೋದು ಟಿಬ್ಸ್ ಮನೆ ಅಡಿಗೆಮನೆ. ಅವರ ಪಕ್ಕದ ಮನೆ ನಮ್ಮದು. ನಡುವೆ ಒಂದೇ ಗೋಡೆ. ಅವರ ಮನೇಲಿ ಮೆಣಸು ಹುರಿದ್ರೆ ನಮ್ಮ ಮನೇಲಿ ಸೀನ್ತಿದ್ವಿ."

"ಹೌದು ಹೌದು," ಅಂದಿತು ಜನ.

ಮಿಸ್ ಕ್ಲೊರೆಟ್ಟಾ ಮೀನಿನ ಬಾಣಲೆ ಬಿಟ್ಟು ಬಂದರು. "ನಾನೂ ಹೇಳ್ತೀನಿ. ನಮ್ಮಪ್ಪ ಕುಡಿದು ಬಂದ ರಾತ್ರಿಯೆಲ್ಲ ನಾವು ಮಕ್ಕಳು ಓಡಿ ಹೋಗ್ತಿದ್ದದ್ದು ಅದೇ ಅಡಿಗೆಮನೆಗೆ. ಒಜೆಲ್ಲಾಳ ಅಮ್ಮ ಏನೂ ಕೇಳ್ತಿರ್ಲಿಲ್ಲ. ತಟ್ಟೆ ಇಡ್ತಿದ್ರು. ನೀವು ಕಾರು ಬೀಗ ಹಾಕಿ ನಿಲ್ಲಿಸಿದೀರಲ್ಲ ಸಾಹೇಬ್ರೆ, ಆ ಜಾಗಕ್ಕೆ ಬೀಗಾನೇ ಇರ್ಲಿಲ್ಲ."

ಇಬ್ಬರು ನೆರೆಯವರಾದರು. ನನಗೆ ಅದು ತಟ್ಟನೆ ಹೊಳೆದು ರೆಕಾರ್ಡರಿನ ಕಡೆ ನೋಡಿದೆ, ಕೆಂಪು ದೀಪ ಉರಿಯುತ್ತಿತ್ತು. ಆದರೆ ಮನೆಯವರ ಮಾತು? ಅದಿಲ್ಲದೆ ಈ ಸಾಕ್ಷಿಗೆ ಬೆಲೆಯಿಲ್ಲ. ಬ್ಯೂಕಿನ ಗಾಜು ಏರಿಯೇ ಇತ್ತು. ಸಾಹೇಬರು ಗಡಿಯಾರ ನೋಡಿಕೊಂಡರು.

ಡೀಕನ್ ಮಾತ್ರ ಇನ್ನೂ ಕೂತಿರಲಿಲ್ಲ. "ಒಲೆ ಆ ಬೀದಿ ಕಡೆ ಗೋಡೆಗಿತ್ತು. ಒಲೆ ಮೇಲೆ ಒಂದು ನೀಲಿ ಗಡಿಯಾರ..."

ಬ್ಯೂಕಿನ ಗಾಜು ಪೂರ್ತಿ ಇಳಿಯಿತು.

"ಲೂಥರ್ ಪ್ರೂಯಿಟ್! ಒಲೆ ಬೀದಿ ಕಡೆಗಿತ್ತಾ?"

"ಹಾಗೇ ನೆನಪು ಒಜೆಲ್ಲಾ."

"ನಮ್ಮ ಮನೇಲಿ ತಿಂದಷ್ಟು ನಿಮ್ಮ ಮನೇಲಿ ತಿಂದಿಲ್ಲ ನೀನು, ಒಲೆ ಎಲ್ಲಿತ್ತು ಅಂತ ಗೊತ್ತಿಲ್ವಾ? ಮೇಲೆ ನೋಡಿದ್ರೆ ತಾನೆ, ತಟ್ಟೆ ಬಿಟ್ಟು!"

"ಹಾಗಾದ್ರೆ ನೀನೇ ತೋರ್ಸು. ನನಗೆ ವಯಸ್ಸಾಯ್ತು."

ಮಿಸ್ ಒಜೆಲ್ಲಾ ಕಾರಿನ ಬಾಗಿಲು ತೆರೆದು ಇಳಿದರು. ಡೀಕನ್ನರಿಗೆ ಒಲೆ ನಿಜವಾಗಿ ಮರೆತಿತ್ತೋ ಇಲ್ಲವೋ ಇವತ್ತಿಗೂ ನನಗೆ ಗೊತ್ತಿಲ್ಲ. ಕೇಳಿದರೆ ಕಿವಿ ಕೇಳಿಸುವುದಿಲ್ಲ ಅನ್ನುತ್ತಾರೆ. ನಾನು ಮೈಕಿನ ತಂತಿ ಎಳೆದುಕೊಂಡು ಮಿಸ್ ಒಜೆಲ್ಲಾರ ಹಿಂದೆ ಓಡಿದೆ. ಮೈಕು ನಡೆದುಕೊಂಡೇ ಬರಬೇಕೆಂದು ಅವರು ಹೇಳಿದ್ದರಲ್ಲ.

"ಬಾಗಿಲು ಇದು," ಎಂದು ಡಾಂಬರಿನ ಮೇಲೆ ಒಂದು ಕಡೆ ನಿಂತರು. ಒಳಗೆ ಹೆಜ್ಜೆಯಿಟ್ಟರು. "ಇದು ಹಜಾರ. ಅಪ್ಪ ಉಕ್ಕಿನ ಕಾರ್ಖಾನೆಯಿಂದ ಬಂದು ಬೂಟು ಬಿಚ್ತಿದ್ದದ್ದು ಇಲ್ಲಿ. ಇಲ್ಲಿಂದ ಮುಂದಕ್ಕೆ ಬೂಟು ಬರೋ ಹಾಗಿಲ್ಲ, ಅಮ್ಮ ಬಿಡ್ತಿರ್ಲಿಲ್ಲ." ಸಾಹೇಬರ ಕಾರಿನ ಪಕ್ಕಕ್ಕೆ ಬಂದರು. "ಇದು ಅಡಿಗೆಮನೆ. ಒಲೆ ಹಿತ್ತಲ ಕಡೆ. ನಿಮ್ಮ ಮುಂದಿನ ಚಕ್ರ ಅದರ ಮೇಲಿದೆ."

ಸಾಹೇಬರು ತಮ್ಮ ಚಕ್ರ ನೋಡಿದರು.

"ನಿಧಾನವಾಗಿ ಹೇಳಮ್ಮಾ," ಎಂದು ಯಾರೋ ಹಿಂದಿನಿಂದ ಕೂಗಿದರು.

"ಕೆಡವೋ ದಿನ ಅಮ್ಮ ಒಲೆ ಮೇಲೆ ಅಲಸಂದೆಕಾಳು ಇಟ್ಟಿದ್ಲು. ಯಂತ್ರದೋನು ಬಂದು ಬಾಗಿಲಲ್ಲಿ ನಿಂತ. 'ಅಮ್ಮಾ, ಹೊರಗೆ ಬರ್ಬೇಕು' ಅಂದ. ಅಮ್ಮ, 'ಕಾಳು ಬೆಂದಿಲ್ಲ' ಅಂದ್ಲು. ಅವನು ಟೋಪಿ ಕೈಯಲ್ಲಿ ಹಿಡ್ಕೊಂಡು ಕಾದ. ಬೇಯೋವರೆಗೂ ಕಾದ. ಅಮ್ಮ ನಮಗೆಲ್ಲ ಬಡಿಸಿ ಅವನಿಗೂ ಒಂದು ತಟ್ಟೆ ಹಾಕಿದ್ಲು. ಕುರ್ಚಿ ಮೇಲೆ ಕೂತು ತಿಂದ. ತುಂಬಾ ಚೆನ್ನಾಗಿದೆ ಅಂದ. ತಟ್ಟೆ ತಾನೇ ತೊಳೆದಿಟ್ಟ. ಆಮೇಲೆ ಹೊರಗೆ ಹೋಗಿ ಮನೆ ಕೆಡವಿದ."

ಯಾರೂ ಹೌದು ಅನ್ನಲಿಲ್ಲ. ಮಿಸ್ ಒಜೆಲ್ಲಾ ಸಾಹೇಬರನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು.

"ಒಳ್ಳೆ ಮನುಷ್ಯ," ಅಂದರು. "ನಿಮ್ಮ ಹಾಗೇನೇ."

ನನಗೆ ತಡೆಯಲಾಗಲಿಲ್ಲ. ತಳ ಹೋದ ಹಳದಿ ಕುರ್ಚಿ ಇನ್ನೂ ವೇದಿಕೆಯ ಪಕ್ಕ ಬಿದ್ದಿತ್ತು. "ಮಿಸ್ ಒಜೆಲ್ಲಾ... ಅವನು ಕೂತಿದ್ದು ಇದೇ ಕುರ್ಚಿ ಮೇಲಾ?" ಅಂದೆ. ನನ್ನ ದನಿ ಅಳುವವನದಾಗಿತ್ತು.

"ಅದಾ? ಅದನ್ನ ಹೋದ ವರ್ಷ ಹಳೇ ಸಾಮಾನಿನ ಅಂಗಡೀಲಿ ತಂದಿದ್ದು. ಆಗ್ಲೇ ಅಲ್ಲಾಡ್ತಿತ್ತು."

ಆ ಮಧ್ಯಾಹ್ನ ನಾನು ಉಸಿರು ಬಿಟ್ಟದ್ದು ಅದೇ ಮೊದಲು. ಆದರೆ ಉಳಿದವರು ಇನ್ನೂ ಉಸಿರು ಹಿಡಿದೇ ಇದ್ದರು, ಏಕೆಂದರೆ ಹಾಲ್‌ಸ್ಟೆಡ್ ಸಾಹೇಬರು ಜೇಬಿನಿಂದ ಕಾರಿನ ಬೀಗದಕೈ ತೆಗೆದಿದ್ದರು. ಹೊರಟೇಬಿಡುತ್ತಾರೋ? ಮಿಸ್ ಒಜೆಲ್ಲಾ ಹೋಗಿ ಬ್ಯೂಕನ್ನು ಹಿಂದಕ್ಕೆ ತೆಗೆದರು. ಸಾಹೇಬರು ಕಾರು ಹತ್ತಿ ಹಿಂದಕ್ಕೆ ಬಿಟ್ಟರು, ತಿರುಗಿಸಲು ಹೋದರು.

"ಆ ಕಡೆ ಬೇಡ," ಎಂದು ಡೀಕನ್ ಕೋಲು ಎತ್ತಿದರು, "ಅದು ಗೋಡೆ."

ಸಾಹೇಬರು ತಬ್ಬಿಬ್ಬಾಗಿ ಬ್ರೇಕು ಒತ್ತಿದರು. ಬಟಾಬಯಲು. ಆದರೂ ಡೀಕನ್ನರ ಕೋಲು ತೋರಿಸಿದ ಹಾಗೆ ಸ್ಟೀರಿಂಗ್ ತಿರುಗಿಸಿ, ಹಜಾರದ ಮೂಲಕ, ಬಾಗಿಲಿನಿಂದಲೇ ಹೊರಗೆ ಹೋದರು. ಬೀದಿಯ ಆಚೆ ಬದಿಗೆ ಕಾರು ನಿಂತಿತು. ಎಂಜಿನ್ ಆರಿತು. ಅವರು ಇಳಿದು ವಾಪಸು ಬಂದರು, ಮೇಜಿನ ಮೇಲಿದ್ದ ರೆಕಾರ್ಡರು ಎತ್ತಿಕೊಂಡು ಮಿಸ್ ಒಜೆಲ್ಲಾರ ಎದುರು ನಿಂತರು. ಅಷ್ಟರಲ್ಲಿ ಬ್ಯೂಕ್ ತನ್ನ ಜಾಗಕ್ಕೆ ಬಂದಿತ್ತು, ಅವರು ಅದಕ್ಕೆ ಒರಗಿ ನಿಂತಿದ್ದರು.

"ನೆರೆಯವರು ಇಬ್ಬರು ಹೇಳಿದ್ದಾಯ್ತು, ನೀವೂ ಹೇಳಿದ್ದಾಯ್ತು," ಅಂದರು ಸಾಹೇಬರು. "ಟಿಬ್ಸ್ ಮನೆತನದ ಹಕ್ಕನ್ನ ನಾನು ಒಪ್ತೀನಿ, ಮಿಸ್ ಟಿಬ್ಸ್. ನಿಯಮದ ಪ್ರಕಾರ ಒಂದೇ ಪ್ರಶ್ನೆ ಕೇಳೋದು ಬಾಕಿ. ಈ ಜಾಗ ನಿಮ್ಮ ಕೈಬಿಟ್ಟು ಹೋದದ್ದು ಯಾವಾಗ?"

ಮಿಸ್ ಒಜೆಲ್ಲಾ ರೆಕಾರ್ಡರಿನ ಕಡೆ ಬಾಗಿದರು.

"ಇವತ್ತು ಮಧ್ಯಾಹ್ನ," ಅಂದರು. "ನಾನು ಅಂಗಡಿಗೆ ಹೋಗಿದ್ದಾಗ."